ಸಿಇಟಿ ಸೀಟಿನ ಕಾಗದಪತ್ರ ಹೈಸ್ಕೂಲಿನಲ್ಲೇ ಸರಿಮಾಡಿಕೊಳ್ಳಿ

ಮಾನ್ಯ ಸಂಪಾದಕರೇ,

ಸಿಇಟಿ, ನೀಟ್ ಹತ್ತಿರ ಬಂದಂತೆ ದಿನಕ್ಕೆ ಎಷ್ಟು ಗಂಟೆ ಓದಬೇಕು, ಯಾವ ಅಧ್ಯಾಯದಿಂದ ಎಷ್ಟು ಪ್ರಶ್ನೆ ಬರುತ್ತವೆ ಎಂಬ ಲೇಖನಗಳು ಪತ್ರಿಕೆಗಳಲ್ಲಿ ಬರುತ್ತವೆ. ಅವು ಬೇಕೇ ಬೇಕು. ಆದರೆ ಚೆನ್ನಾಗಿ ಓದಿ, ಒಳ್ಳೆಯ ರ‍್ಯಾಂಕ್ ಪಡೆದ ಮೇಲೂ ತಮಗೆ ಸಿಗಬೇಕಾದ ಸೀಟು ಕಳೆದುಕೊಳ್ಳುವ ಮಕ್ಕಳು ಪ್ರತಿ ವರ್ಷವೂ ಇರುತ್ತಾರೆ. ಕಾರಣ ಹೆಚ್ಚಾಗಿ ಎರಡು: ದಾಖಲೆಯಲ್ಲಿ ಉಳಿದುಹೋದ ತಪ್ಪು, ಬೇಕಾದ ಕಾಲೇಜು, ಕೋರ್ಸುಗಳ ಆಯ್ಕೆ ಪಟ್ಟಿ ತುಂಬುವಾಗ ಆದ ತಪ್ಪು. ಎರಡನೆಯದಕ್ಕೆ ಪಿಯು ಮುಗಿಯುವವರೆಗೂ ಸಮಯವಿದೆ. ಮೊದಲನೆಯದನ್ನು ಒಂಬತ್ತು, ಹತ್ತನೇ ತರಗತಿಯಲ್ಲೇ ಸರಿಮಾಡಿಕೊಂಡರೆ ಸುಲಭ, ಆಮೇಲೆ ಬಹಳ ಕಷ್ಟ. ಪಿಯು ಮಕ್ಕಳಿಗೆ ಈ ಪ್ರಕ್ರಿಯೆಯಲ್ಲಿ ನೆರವಾಗುವ ಉಪನ್ಯಾಸಕರಾಗಿ, ಹೈಸ್ಕೂಲು ಮಕ್ಕಳ ತಂದೆತಾಯಿಗೆ ತಲುಪಲಿ ಎಂದು ಈ ಪತ್ರ ಬರೆಯುತ್ತಿದ್ದೇವೆ.

ಮೊದಲು ಹೆಸರು. ಶಾಲೆಯ ದಾಖಲಾತಿ ಪುಸ್ತಕದಲ್ಲಿ ‘ಮಂಜುನಾಥ ಬಸಪ್ಪ ಹೊಸಮನಿ’, ಆಧಾರ್‌ನಲ್ಲಿ ‘ಮಂಜುನಾಥ್ ಬಿ ಹೆಚ್’, ಜಾತಿ ಪ್ರಮಾಣಪತ್ರದಲ್ಲಿ ಬರೀ ‘ಮಂಜುನಾಥ’. ಊರಿನಲ್ಲಿ ಮೂವರೂ ಒಬ್ಬನೇ, ಕಂಪ್ಯೂಟರಿಗೆ ಮೂವರು. ಸಿಇಟಿ ನಡೆಸುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಅರ್ಜಿಯಲ್ಲಿ ಆರ್‌ಡಿ ಸಂಖ್ಯೆ (ಜಾತಿ, ಆದಾಯ ಪ್ರಮಾಣಪತ್ರದ ಮೇಲಿರುವ ಸಂಖ್ಯೆ) ಹಾಕಿದಾಗ ಕಂದಾಯ ಇಲಾಖೆಯ ದತ್ತಾಂಶದಿಂದ ಹೆಸರು ಬರುತ್ತದೆ. ಅದು ಅಭ್ಯರ್ಥಿಯ ಹೆಸರಿಗೆ ತಾಳೆಯಾಗದಿದ್ದರೆ ಮೀಸಲಾತಿಯ ಕೋರಿಕೆ ಅಲ್ಲಿಯೇ ನಿಲ್ಲುತ್ತದೆ. ಮುಂದೆಯೂ ಎಲ್ಲ ಕಡೆ ಆಧಾರವಾಗುವುದು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರೇ. ಆದ್ದರಿಂದ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಶಾಲೆಯವರು ಹೆಸರು ನೋಂದಾಯಿಸಿ, ಪರಿಶೀಲನಾ ಪಟ್ಟಿ ತೆಗೆದು ಸಹಿ ಕೇಳಿದಾಗ ಸುಮ್ಮನೆ ಸಹಿ ಹಾಕಬೇಡಿ. ಮಗುವಿನ ಹೆಸರು, ತಂದೆಯ ಹೆಸರು, ತಾಯಿಯ ಹೆಸರು, ಹುಟ್ಟಿದ ದಿನಾಂಕ, ಇಷ್ಟನ್ನೂ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಅಕ್ಷರ ಅಕ್ಷರ ಓದಿ. ಇನಿಷಿಯಲ್ ಮುಂದೆಯೋ ಹಿಂದೆಯೋ, ನಡುವೆ ಚುಕ್ಕೆ ಇದೆಯೋ ಇಲ್ಲವೋ ಎಂಬುದನ್ನೂ ನೋಡಿ. ಅಂಕಪಟ್ಟಿ ಮುದ್ರಣವಾದ ಮೇಲೆ ತಿದ್ದಿಸಲು ಮುಖ್ಯ ಶಿಕ್ಷಕರಿಂದ ಹಿಡಿದು ಮಂಡಳಿಯವರೆಗೆ ಓಡಾಡಬೇಕು. ಒಮ್ಮೆ ಅದು ಸರಿಯಾದರೆ ಆಧಾರ್, ಜಾತಿ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ ಮೂರನ್ನೂ ಅದಕ್ಕೆ ಹೊಂದಿಸಿಕೊಳ್ಳಿ.

ಎರಡನೆಯದು ಸ್ಯಾಟ್ಸ್, ಅಂದರೆ ಶಿಕ್ಷಣ ಇಲಾಖೆ ಇಟ್ಟಿರುವ ವಿದ್ಯಾರ್ಥಿಗಳ ಆನ್‌ಲೈನ್ ದಾಖಲೆ. ಮಗು ಯಾವ ವರ್ಷ ಯಾವ ಶಾಲೆಯಲ್ಲಿ, ಯಾವ ಮಾಧ್ಯಮದಲ್ಲಿ ಓದಿತು ಎಂಬ ವಿವರ ಅದರಲ್ಲಿದೆ. ಸಿಇಟಿ ಅರ್ಜಿಯಲ್ಲಿ ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಮೀಸಲಾತಿಯನ್ನು ಈಗ ಇದರೊಂದಿಗೆ ತಾಳೆ ನೋಡುತ್ತಾರೆ. ಗ್ರಾಮೀಣಕ್ಕೆ ಶೇ 15, ಕನ್ನಡ ಮಾಧ್ಯಮಕ್ಕೆ ಶೇ 5 ಸೀಟು. ಹಳ್ಳಿಯ ಮಕ್ಕಳಿಗೆ ಇದು ಸಣ್ಣ ಮಾತಲ್ಲ. ಎರಡಕ್ಕೂ 1ರಿಂದ 10ನೇ ತರಗತಿಯವರೆಗೆ ಹತ್ತೂ ವರ್ಷ ಬೇಕು, ಒಂಬತ್ತು ವರ್ಷಕ್ಕೆ ಲೆಕ್ಕವಿಲ್ಲ. ಗ್ರಾಮೀಣ ಎನ್ನುವಾಗ ನೋಡುವುದು ಮಗುವಿನ ಮನೆ ಎಲ್ಲಿದೆ ಎಂದಲ್ಲ, ಶಾಲೆ ಎಲ್ಲಿದೆ ಎಂದು. ಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಪುರಸಭೆಯ ಊರಿಗೆ ಹೋಗಿ ಹೈಸ್ಕೂಲು ಓದಿದವರಿಗೆ ಇದು ಸಿಗುವುದಿಲ್ಲ. ಪಟ್ಟಣ ಪಂಚಾಯ್ತಿ ವ್ಯಾಪ್ತಿಯ ಶಾಲೆಯೂ ಗ್ರಾಮೀಣವಲ್ಲ. ಓದುತ್ತಿದ್ದಾಗಲೇ ಊರು ಪಟ್ಟಣ ಪಂಚಾಯ್ತಿಯಾಗಿದ್ದರೆ ಯಾವ ದಿನಾಂಕದಿಂದ ಎಂದು ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯಲ್ಲಿ ಕೇಳಿ ಬರೆದಿಟ್ಟುಕೊಳ್ಳಿ. ಕನ್ನಡ ಮಾಧ್ಯಮದ ವಿಷಯದಲ್ಲಿ ಎಡವುವುದು ಎರಡೂ ಮಾಧ್ಯಮ ಇರುವ ಶಾಲೆಗಳಲ್ಲಿ. 2019ರಿಂದ ಸರ್ಕಾರಿ ಶಾಲೆಗಳಲ್ಲೂ ಇಂಗ್ಲಿಷ್ ಮಾಧ್ಯಮ ವಿಭಾಗಗಳು ಶುರುವಾಗಿವೆ. ‘ನಮ್ಮದು ಸರ್ಕಾರಿ ಕನ್ನಡ ಶಾಲೆ’ ಎಂದುಕೊಂಡಿರುವ ತಂದೆತಾಯಿ ತಮ್ಮ ಮಗು ಯಾವ ವಿಭಾಗದಲ್ಲಿದೆ, ಸ್ಯಾಟ್ಸ್‌ನಲ್ಲಿ ಯಾವ ಮಾಧ್ಯಮ ನಮೂದಾಗಿದೆ ಎಂದು ಮುಖ್ಯ ಶಿಕ್ಷಕರ ಮುಂದೆ ಕುಳಿತು ಪರದೆಯ ಮೇಲೆ ನೋಡಬೇಕು. ತಪ್ಪಿದ್ದರೆ ಮಗು ಅದೇ ಶಾಲೆಯಲ್ಲಿ ಓದುತ್ತಿರುವಾಗಲೇ ತಿದ್ದಿಸಿ. ಇದರ ಜೊತೆಗೆ ಹತ್ತು ವರ್ಷದ ವ್ಯಾಸಂಗ ಪ್ರಮಾಣಪತ್ರಕ್ಕೆ ಮುಖ್ಯ ಶಿಕ್ಷಕರ ಸಹಿ, ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುರುಜು ಹಾಕಿಸಿ ಇಟ್ಟುಕೊಳ್ಳಿ. ಮೂರು ಶಾಲೆ ಬದಲಿಸಿದ್ದರೆ ಮೂರು ಕಡೆಯದೂ ಬೇಕು.

ಸಾಮಾನ್ಯ ವರ್ಗದ ಮಕ್ಕಳು ಗ್ರಾಮೀಣ ಮೀಸಲಾತಿ ಕೇಳುವಾಗ ಇನ್ನೊಂದು ಕಾಗದ ಬೇಕಾಗುತ್ತದೆ: ಮೇಲ್‌ಸ್ತರಕ್ಕೆ, ಅಂದರೆ ಅನುಕೂಲವಂತರ ಕೆನೆಪದರಕ್ಕೆ ಸೇರಿಲ್ಲವೆಂದು ತಹಶೀಲ್ದಾರರು ಕೊಡುವ ಪ್ರಮಾಣಪತ್ರ. ‘ನಮಗೆ ಜಾತಿ ಪ್ರಮಾಣಪತ್ರವೇ ಬೇಡವಲ್ಲ’ ಎಂದು ನಾಡಕಚೇರಿ ಕಡೆಗೇ ಹೋಗದವರು ಇಲ್ಲಿ ಸಿಕ್ಕಿಬೀಳುತ್ತಾರೆ.

ಜಾತಿ, ಆದಾಯ ಪ್ರಮಾಣಪತ್ರಗಳನ್ನು ಅರ್ಜಿ ಕರೆದ ಮೇಲೆ ಮಾಡಿಸಲು ಹೊರಟರೆ ನಾಡಕಚೇರಿಯಲ್ಲಿ ಆ ಹೊತ್ತಿಗೆ ಇಡೀ ಹೋಬಳಿಯ ಮಕ್ಕಳ ಅರ್ಜಿ ಬಿದ್ದಿರುತ್ತದೆ. ಗ್ರಾಮ ಆಡಳಿತ ಅಧಿಕಾರಿ, ಕಂದಾಯ ನಿರೀಕ್ಷಕರ ವರದಿ ಆಗಿ ಬರಬೇಕಲ್ಲ? ಪರಿಶಿಷ್ಟ ಜಾತಿ, ಪಂಗಡ, ಪ್ರವರ್ಗ 1ರವರ ಜಾತಿ ಪ್ರಮಾಣಪತ್ರಕ್ಕೆ ಅವಧಿಯ ಮಿತಿ ಇಲ್ಲ. ಹಿಂದುಳಿದ ವರ್ಗಗಳ 2ಎ, 2ಬಿ, 3ಎ, 3ಬಿಯವರದು ಐದು ವರ್ಷ. ಆದಾಯ ಪ್ರಮಾಣಪತ್ರವೂ ಐದು ವರ್ಷ. ಎಂಟನೇ ತರಗತಿಯಲ್ಲಿ ವಿದ್ಯಾರ್ಥಿವೇತನಕ್ಕೆ ಮಾಡಿಸಿದ್ದು ದ್ವಿತೀಯ ಪಿಯು ಮುಗಿಯುವ ಹೊತ್ತಿಗೆ ಅವಧಿಯ ಅಂಚಿಗೆ ಬಂದಿರುತ್ತದೆ, ಆದ್ದರಿಂದ ಕಾಗದ ಇದೆ ಎಂದು ಸುಮ್ಮನಿರದೆ ಅದರ ಮೇಲಿನ ದಿನಾಂಕ ನೋಡಿ. ಪ್ರಮಾಣಪತ್ರ ಮಗುವಿನ ಹೆಸರಿನಲ್ಲಿರಬೇಕು, ಅಪ್ಪನ ಹೆಸರಿನದು ನಡೆಯುವುದಿಲ್ಲ. ಆದಾಯ ಪ್ರಮಾಣಪತ್ರದಿಂದ ಇನ್ನೊಂದು ದೊಡ್ಡ ಪ್ರಯೋಜನವಿದೆ. ತಂದೆತಾಯಿಯ ವರಮಾನ ವರ್ಷಕ್ಕೆ 8 ಲಕ್ಷ ರೂಪಾಯಿಯೊಳಗಿದ್ದರೆ ಎಂಜಿನಿಯರಿಂಗ್‌ನಲ್ಲಿ ಎಸ್‌ಎನ್‌ಕ್ಯೂ ಎನ್ನುವ ಹೆಚ್ಚುವರಿ ಶೇ 5 ಸೀಟುಗಳಿಗೆ ಕೋರಬಹುದು, ಅಲ್ಲಿ ಬೋಧನಾ ಶುಲ್ಕದ ವಿನಾಯಿತಿ ಇದೆ. ಇದಕ್ಕೆ ಜಾತಿಯ ಕಟ್ಟಿಲ್ಲ.

ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಗಳ ಮಕ್ಕಳು ಆ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿಯ ಅರ್ಹತಾ ಪ್ರಮಾಣಪತ್ರವನ್ನು ಉಪವಿಭಾಗಾಧಿಕಾರಿಯಿಂದ ಪಡೆಯಬೇಕು. ಆ ಭಾಗದ ಕಾಲೇಜುಗಳಲ್ಲಿ ಶೇ 70, ಉಳಿದ ಕಡೆ ಶೇ 8 ಸೀಟು ಈ ಕಾಗದದ ಮೇಲೆ ನಿಂತಿವೆ.

ಇನ್ನು ಹತ್ತನೇ ತರಗತಿ ಮುಗಿದ ಕೂಡಲೇ ಎದುರಾಗುವ ಕಾಂಬಿನೇಷನ್, ಅಂದರೆ ಪಿಯುವಿನ ವಿಷಯಗಳ ಗುಂಪು. ಗಣಿತ ಬಿಟ್ಟರೆ ಎಂಜಿನಿಯರಿಂಗ್ ಇಲ್ಲ, ಜೀವಶಾಸ್ತ್ರ ಬಿಟ್ಟರೆ ವೈದ್ಯಕೀಯ, ಬಿ.ಎಸ್‌ಸಿ ಕೃಷಿ, ಪಶುವೈದ್ಯಕೀಯ ಯಾವುದೂ ಇಲ್ಲ. ಮನಸ್ಸು ಇನ್ನೂ ಗಟ್ಟಿಯಾಗದ ಮಗುವಿಗೆ ಪಿಸಿಎಂಬಿ (ಭೌತ, ರಸಾಯನ, ಗಣಿತ, ಜೀವಶಾಸ್ತ್ರ) ಎರಡೂ ಬಾಗಿಲು ತೆರೆದಿಡುತ್ತದೆ.

ಪಿಯುಗೆ ಬಂದ ಮಕ್ಕಳು ಕೋಚಿಂಗ್ ಭರದಲ್ಲಿ ಬೋರ್ಡ್ ಪರೀಕ್ಷೆ ಕಡೆಗಣಿಸುವುದು ನಾವು ಕಾಣುವ ದೊಡ್ಡ ತಪ್ಪು. ಎಂಜಿನಿಯರಿಂಗ್ ರ‍್ಯಾಂಕಿಗೆ ಸಿಇಟಿ ಅರ್ಧ, ದ್ವಿತೀಯ ಪಿಯುವಿನ ಭೌತ, ರಸಾಯನ, ಗಣಿತದ ಅಂಕ ಅರ್ಧ. ಲೆಕ್ಕ ಹಾಕಿ ನೋಡಿ. ಒಬ್ಬಳು ಸಿಇಟಿಯಲ್ಲಿ 180ಕ್ಕೆ 96 ತೆಗೆದಳು, ಶೇ 53.33. ಪಿಯುವಿನಲ್ಲಿ ಮೂರು ವಿಷಯಕ್ಕೆ 300ಕ್ಕೆ 270, ಶೇ 90. ಸರಾಸರಿ 71.67. ಇನ್ನೊಬ್ಬ ಸಿಇಟಿಯಲ್ಲಿ 126 ತೆಗೆದ, ಶೇ 70. ಪಿಯುವಿನಲ್ಲಿ 210, ಅದೂ ಶೇ 70. ಸಿಇಟಿಯಲ್ಲಿ 30 ಅಂಕ ಕಡಿಮೆ ತೆಗೆದವಳೇ ಇಲ್ಲಿ ಮುಂದೆ. ಸಿಇಟಿಯಲ್ಲಿ ಒಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಹಾಗಾಗಿ ಒಂದು ವೃತ್ತವನ್ನೂ ಖಾಲಿ ಬಿಡಬಾರದು. ಒಎಂಆರ್ ಹಾಳೆಯಲ್ಲಿ ಪ್ರಶ್ನೆಪತ್ರಿಕೆಯ ವರ್ಷನ್ ಕೋಡ್ ತುಂಬುವ ಕೆಲಸವನ್ನು ಕೊನೆಯ ಬೆಲ್ಲಿಗೆ ಬಿಡಬೇಡಿ.

ಅರ್ಜಿ ತುಂಬುವಾಗ ಸೈಬರ್ ಸೆಂಟರಿನವರು ಬೇಗ ಮುಗಿಯಲಿ ಎಂದು ತಮ್ಮ ಮೊಬೈಲ್ ಸಂಖ್ಯೆ, ತಮ್ಮ ಇಮೇಲ್ ಹಾಕುವುದುಂಟು. ಮುಂದೆ ಓಟಿಪಿ, ಪಾಸ್‌ವರ್ಡ್, ಸೂಚನೆ ಎಲ್ಲವೂ ಅದಕ್ಕೇ ಹೋಗುತ್ತವೆ. ಸೀಟು ಹಂಚಿಕೆಯ ದಿನ ಅಂಗಡಿಗೆ ಬೀಗ ಬಿದ್ದಿದ್ದರೆ ಗತಿಯೇನು? ಮನೆಯಲ್ಲಿ ಕನಿಷ್ಠ ಒಂದು ವರ್ಷ ಬದಲಾಗದ ಸಂಖ್ಯೆ ಕೊಡಿ. ವೈದ್ಯಕೀಯ ಬಯಸುವವರು ನೀಟ್ ಬರೆದರಷ್ಟೇ ಸಾಲದು, ರಾಜ್ಯದ ಸೀಟಿಗೆ ಪರೀಕ್ಷಾ ಪ್ರಾಧಿಕಾರದಲ್ಲೂ ನೋಂದಾಯಿಸಬೇಕು. ಬಿ.ಎಸ್‌ಸಿ ಕೃಷಿಗೆ ಕೃಷಿಕರ ಕೋಟಾ ಕೇಳುವವರಿಗೆ ಬೇರೆಯಾಗಿ ಪ್ರಾಯೋಗಿಕ ಪರೀಕ್ಷೆ ಇದೆ. ಬೀಜ, ಕಳೆ, ಗೊಬ್ಬರ, ಉಪಕರಣ ಗುರುತಿಸಬೇಕಾಗುತ್ತದೆ. ರೈತರ ಮಕ್ಕಳೇ ಆದರೂ ಹಾಸ್ಟೆಲಿನಲ್ಲಿ ಬೆಳೆದವರು ಒಂದೆರಡು ವಾರ ಹೊಲದಲ್ಲಿ ಅಪ್ಪನ ಜೊತೆ ಓಡಾಡಿ ಕಲಿಯುವುದು ಒಳ್ಳೆಯದು.

ಈಗ ಆಯ್ಕೆ ಪಟ್ಟಿ. ಹಂಚಿಕೆ ಹೇಗೆ ನಡೆಯುತ್ತದೆ ಎಂದು ತಿಳಿದರೆ ಅರ್ಧ ಭಯ ಹೋಗುತ್ತದೆ. ಕಂಪ್ಯೂಟರ್ ರ‍್ಯಾಂಕ್ ಪ್ರಕಾರ ಒಬ್ಬೊಬ್ಬರನ್ನೇ ತೆಗೆದುಕೊಂಡು, ಅವರ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಓದಿ, ಸಾಮಾನ್ಯ ಸೀಟೋ ಅವರ ವರ್ಗದ ಸೀಟೋ ಎಲ್ಲಿ ಮೊದಲು ಸಿಗುತ್ತದೋ ಅಲ್ಲಿ ನಿಲ್ಲಿಸುತ್ತದೆ. ಆದ್ದರಿಂದ ಸಿಗಲಾರದ ಕಾಲೇಜನ್ನು ಮೇಲೆ ಬರೆದರೆ ನಷ್ಟವೇನೂ ಇಲ್ಲ. ನಷ್ಟವಾಗುವುದು ಸಿಕ್ಕೇ ಸಿಗುವಂಥದ್ದನ್ನು ಹೆದರಿಕೆಯಿಂದ ಮೇಲೆ ಬರೆದಾಗ. ಅದು ಸಿಕ್ಕಿಬಿಡುತ್ತದೆ, ಕೆಳಗೆ ಬರೆದ ಒಳ್ಳೆಯದನ್ನು ಕಂಪ್ಯೂಟರ್ ನೋಡುವುದೇ ಇಲ್ಲ. ಹಿಂದಿನ ವರ್ಷದ ಕಟ್‌ಆಫ್ ಪಟ್ಟಿ ಪ್ರಾಧಿಕಾರದ ಜಾಲತಾಣದಲ್ಲಿದೆ. ಅದರಲ್ಲಿ 2ಎಜಿ, 2ಎಕೆ, 2ಎಆರ್ ಎಂದು ಕಾಲಂಗಳಿರುತ್ತವೆ: ಕೆ ಎಂದರೆ ಕನ್ನಡ ಮಾಧ್ಯಮ, ಆರ್ ಎಂದರೆ ಗ್ರಾಮೀಣ, ಜಿ ಎಂದರೆ ಎರಡೂ ಇಲ್ಲದ್ದು. ನಿಮ್ಮ ಕಾಲಂ ಮಾತ್ರ ನೋಡಿ, ಮೊದಲ ಸುತ್ತಿನದರ ಜೊತೆ ಕೊನೆಯ ಸುತ್ತಿನದನ್ನೂ ನೋಡಿ. ಒಂದೇ ಕಾಲೇಜಿನಲ್ಲಿ ಅನುದಾನಿತ, ಅನುದಾನರಹಿತ ಕೋರ್ಸುಗಳಿದ್ದರೆ ಸಂಕೇತ ಬೇರೆ, ಶುಲ್ಕವೂ ಬೇರೆ, ಅಂತರ ಸಣ್ಣದಲ್ಲ. ಸಂಕೇತವನ್ನು ಶುಲ್ಕದೊಂದಿಗೆ ಹಾಳೆಯ ಮೇಲೆ ಮೊದಲು ಬರೆದುಕೊಳ್ಳಿ, ಆಮೇಲೆ ಕಂಪ್ಯೂಟರ್ ಮುಂದೆ ಕುಳಿತುಕೊಳ್ಳಿ. ಆಯ್ಕೆಗೆ ಇಷ್ಟೇ ಎಂಬ ಮಿತಿ ಇಲ್ಲ. ಮುಂದಿನ ಸುತ್ತಿನಲ್ಲಿ ಹೊಸದು ಸೇರಿಸಬಹುದು ಎಂದು ನಂಬಿ ಹತ್ತಕ್ಕೇ ನಿಲ್ಲಿಸಬೇಡಿ. ನಿಜವಾದ ಹಂಚಿಕೆಗೆ ಮೊದಲು ಪ್ರಯೋಗಕ್ಕೆಂದು ನಡೆಯುವ ಅಣಕು ಹಂಚಿಕೆ ಬಂದ ಮೇಲೆ ಪಟ್ಟಿ ತಿದ್ದಲು ಅವಕಾಶವಿರುತ್ತದೆ, ಅಣಕಿನಲ್ಲಿ ಏನೂ ಸಿಗದಿದ್ದವರು ಪಟ್ಟಿ ಉದ್ದ ಮಾಡಲೇಬೇಕು.

ನಿಜವಾದ ಹಂಚಿಕೆಯ ನಂತರ ನಾಲ್ಕು ಛಾಯ್ಸ್. ಒಂದು: ಒಪ್ಪಿದ್ದೇನೆ, ಶುಲ್ಕ ಕಟ್ಟಿ ಸೇರುತ್ತೇನೆ. ಎರಡು: ಇದು ಇರಲಿ, ಇದಕ್ಕಿಂತ ಮೇಲಿನದು ಸಿಗುತ್ತದೋ ನೋಡುತ್ತೇನೆ. ಮೂರು: ಇದು ಬೇಡ, ಮುಂದಿನ ಸುತ್ತಿಗೆ ಬರುತ್ತೇನೆ. ನಾಲ್ಕು: ಈ ಪ್ರಕ್ರಿಯೆಯೇ ಬೇಡ. ತಪ್ಪಾಗುವುದು ಎರಡನೆಯದರಲ್ಲಿ. ನಿಮ್ಮ ಪಟ್ಟಿಯಲ್ಲಿ 30 ಆಯ್ಕೆ ಇದ್ದು 9ನೆಯದು ಸಿಕ್ಕಿತು ಎನ್ನಿ. ಛಾಯ್ಸ್ ಎರಡು ಒತ್ತಿದರೆ ಮುಂದಿನ ಸುತ್ತಿಗೆ ಉಳಿಯುವುದು 1ರಿಂದ 8. ಅದರಲ್ಲಿ 6ನೆಯದು ಸಿಕ್ಕಿತೆಂದರೆ 9ನೆಯದು ತಾನಾಗಿ ಹೋಗುತ್ತದೆ, ವಾಪಸ್ ಕೇಳುವಂತಿಲ್ಲ. ಹಾಗಾಗಿ 9ನೆಯದಕ್ಕಿಂತ ನಿಜವಾಗಿಯೂ ಹೆಚ್ಚು ಬೇಕಾದವನ್ನು ಮಾತ್ರ ಮೇಲೆ ಉಳಿಸಿ, ಉಳಿದವನ್ನು ಅಳಿಸಿ. ಮೂರನೆಯದರಲ್ಲಿ ಕೈಯಲ್ಲಿದ್ದ ಸೀಟು ಅಂದೇ ಹೋಗುತ್ತದೆ, ಮುಂದೆ ಸಿಗುವ ಖಾತ್ರಿ ಇಲ್ಲ. ಠೇವಣಿ, ದಂಡದ ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಆಯಾ ವರ್ಷದ ಸೂಚನೆಯನ್ನು ಪ್ರಾಧಿಕಾರದ ಜಾಲತಾಣದಲ್ಲೇ ಓದಿ, ವಾಟ್ಸ್‌ಆ್ಯಪಿನಲ್ಲಿ ಬಂದದ್ದನ್ನು ನಂಬಿ ಗುಂಡಿ ಒತ್ತಬೇಡಿ.

ಸಿಇಟಿ ಫಲಿತಾಂಶಕ್ಕೂ ಮುಂಚೆ ‘ಸೀಟು ಮುಗಿದುಹೋಗುತ್ತದೆ’ ಎಂದು ಫೋನ್ ಮಾಡುವ ಏಜೆಂಟರ ಮಾತಿಗೆ ಮೂಲ ಅಂಕಪಟ್ಟಿ, ಟಿಸಿ ಕೊಟ್ಟುಬಿಡಬೇಡಿ. ಕಾಲೇಜುಗಳು ಮೂಲ ದಾಖಲೆ ಇಟ್ಟುಕೊಳ್ಳುವಂತಿಲ್ಲ ಎಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2018ರಲ್ಲೇ ಹೇಳಿದೆ. ಪ್ರವೇಶದ ಕೊನೆಯ ದಿನಕ್ಕೆ 15 ದಿನ ಅಥವಾ ಹೆಚ್ಚು ಇರುವಾಗಲೇ ಬಿಟ್ಟರೆ ಸಣ್ಣ ಸಂಸ್ಕರಣಾ ಶುಲ್ಕ ಕಳೆದು ಪೂರ್ತಿ ಹಣ, ಅದಕ್ಕಿಂತ ಕಡಿಮೆ ದಿನ ಉಳಿದಿದ್ದರೆ ಶೇ 90, ಕೊನೆಯ ದಿನ ಕಳೆದು 15 ದಿನದೊಳಗೆ ಶೇ 80, 30 ದಿನದೊಳಗೆ ಶೇ 50 ಮರಳಿಸಬೇಕೆಂದೂ ಅದರಲ್ಲಿದೆ. ಬಿಡುವ ಪತ್ರವನ್ನು ಬರವಣಿಗೆಯಲ್ಲಿ ಕೊಟ್ಟು, ದಿನಾಂಕದೊಂದಿಗೆ ಸ್ವೀಕೃತಿ ಪಡೆಯಿರಿ. ಎಲ್ಲ ದಾಖಲೆಗಳ ನಾಲ್ಕೈದು ಸೆಟ್ ಜೆರಾಕ್ಸ್, ಒಂದು ಸ್ಕ್ಯಾನ್ ಪ್ರತಿ ಮನೆಯಲ್ಲಿರಲಿ.

ಕಲೆ, ವಾಣಿಜ್ಯದ ಮಕ್ಕಳಿಗೂ ಈ ತಯಾರಿ ತಪ್ಪಿದ್ದಲ್ಲ. ಪದವಿ ಪ್ರವೇಶದ ಯುಯುಸಿಎಂಎಸ್ ಜಾಲತಾಣದ ಅರ್ಜಿಗೂ, ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಜಾಲತಾಣದ ವಿದ್ಯಾರ್ಥಿವೇತನಕ್ಕೂ ಅದೇ ಹೆಸರು, ಅದೇ ಆರ್‌ಡಿ ಸಂಖ್ಯೆ ಬೇಕು. ವಿದ್ಯಾರ್ಥಿವೇತನ ಮಂಜೂರಾಗಿಯೂ ಹಣ ಬರದಿರುವುದಕ್ಕೆ ಮುಖ್ಯ ಕಾರಣ, ಮಗುವಿನ ಖಾತೆಗೆ ಆಧಾರ್ ಜೋಡಣೆ ಆಗದಿರುವುದು. ಬ್ಯಾಂಕಿಗೆ ಹೋಗಿ, ಸರ್ಕಾರದ ಹಣ ಆಧಾರ್ ಮೂಲಕ ಈ ಖಾತೆಗೆ ಬರುವಂತೆ ಮಾಡುವ ಎನ್‌ಪಿಸಿಐ ಮ್ಯಾಪಿಂಗ್ ಆಗಿದೆಯೇ ಎಂದೇ ಕೇಳಿ. ಬರೀ ಕೆವೈಸಿ ಆಗಿದೆ ಎಂಬ ಉತ್ತರ ಸಾಲದು.

ಹೈಸ್ಕೂಲು ಮುಖ್ಯ ಶಿಕ್ಷಕರಲ್ಲಿ ಒಂದು ವಿನಂತಿ. ಎಸ್ಸೆಸ್ಸೆಲ್ಸಿ ನೋಂದಣಿಯ ತಿಂಗಳಲ್ಲಿ ಒಂದು ಶನಿವಾರ ತಂದೆತಾಯಿಯನ್ನು ಕರೆಸಿ, ಆಧಾರ್, ಜಾತಿ ಪ್ರಮಾಣಪತ್ರ, ಪಾಸ್‌ಬುಕ್ ಮೂರನ್ನೂ ಶಾಲಾ ದಾಖಲಾತಿಯ ಪಕ್ಕದಲ್ಲಿಟ್ಟು ಹೆಸರು ತಾಳೆ ನೋಡಿಸಿ, ಸ್ಯಾಟ್ಸ್‌ನಲ್ಲಿನ ಹತ್ತು ವರ್ಷದ ವಿವರವನ್ನು ಓದಿ ಹೇಳಿ. ಅರವತ್ತು ಮಕ್ಕಳಿದ್ದರೂ ಒಂದೇ ದಿನದಲ್ಲಿ ಮುಗಿಯುವ ಕೆಲಸ. ಓದಲು ಬಾರದ ತಂದೆತಾಯಿಗೆ ಇದನ್ನು ನೋಡಿಕೊಡಲು ಶಾಲೆ ಬಿಟ್ಟರೆ ಬೇರೆ ಯಾರೂ ಇಲ್ಲ.

— ಪದವಿಪೂರ್ವ ಕಾಲೇಜು ಉಪನ್ಯಾಸಕರ ಒಂದು ಗುಂಪು, ಹಾವೇರಿ ಜಿಲ್ಲೆ