ರೊಕ್ಕಕ್ಕಿಂತ ಮೊದಲು ಹತ್ತು ದಿನ

ಗದಗ ಸೀಮೆಯ ಹಳ್ಳಿಯೊಂದರಲ್ಲಿ ಬೆಳೆಯುತ್ತಿರುವ ಧ್ಯಾನಕೇಂದ್ರದ ಬಗ್ಗೆ ಕಳೆದ ಸಂಚಿಕೆಯಲ್ಲಿ ನಾಲ್ಕು ಸಾಲು ಬರೆದ ಮೇಲೆ, ಅದಕ್ಕೆ ಹಣ ಕಳಿಸುವುದು ಹೇಗೆ ಎಂದು ಹೊರದೇಶದಲ್ಲಿರುವ ನಮ್ಮ ಬಳಗದ ಹಲವರು ವಿಚಾರಿಸಿದ್ದಾರೆ. ಕೆಲವರು ತಂದೆತಾಯಿಯರ ಹೆಸರಿನಲ್ಲಿ ಒಂದು ಕೋಣೆ ಕಟ್ಟಿಸಿಕೊಡಲು ಸಿದ್ಧರಿದ್ದಾರೆ. ಎರಡು ವರ್ಷಗಳ ಹಿಂದೆ ಊರಿಗೆ ಹೋದಾಗ ನಾನೂ ಇದೇ ಮಾತನ್ನು ಆಡಿದ್ದೆ. ಕೇಂದ್ರ ನೋಡಿಕೊಳ್ಳುವ ಹಿರಿಯರು, ನಿವೃತ್ತ ಶಾಲಾ ಮಾಸ್ತರರು, ನನ್ನ ಚೆಕ್‌ಬುಕ್ಕಿನ ಮೇಲೆ ಮೆಲ್ಲಗೆ ಕೈಯಿಟ್ಟು, "ರೊಕ್ಕದ ಮಾತು ಆಮ್ಯಾಲ್ರೀ ಸರ. ಮೊದಲ ಹತ್ತ ದಿನಾ ಕುಂಡ್ರ್ರಿ. ಎದ್ದ ಮ್ಯಾಲೆ ಕೊಡಬೇಕ ಅನಿಸಿದ್ರ ಕೊಡ್ರಿ" ಎಂದರು.

ಇದು ಅವರೊಬ್ಬರ ಹಟವಲ್ಲ. ಬರ್ಮಾದ ಮಂಡಾಲೆಯಲ್ಲಿ 1924ರಲ್ಲಿ ಹುಟ್ಟಿ, ಅಲ್ಲಿನ ಧ್ಯಾನಗುರು ಸಯಾಜಿ ಊ ಬಾ ಖಿನ್ ಅವರಲ್ಲಿ ಬುದ್ಧನ ಧ್ಯಾನಕ್ರಮವೆನ್ನುವ ವಿಪಶ್ಯನಾ ಕಲಿತು, 1969ರಲ್ಲಿ ಭಾರತಕ್ಕೆ ಬಂದು ಕಲಿಸತೊಡಗಿದ ಸತ್ಯನಾರಾಯಣ ಗೋಯೆಂಕಾ ಅವರ ಪರಂಪರೆಯಲ್ಲಿ ಹತ್ತು ದಿನಗಳ ಒಂದಾದರೂ ಶಿಬಿರವನ್ನು ಪೂರ್ತಿ ಮುಗಿಸಿದವರಿಂದ ಮಾತ್ರ ದಾನ ಸ್ವೀಕರಿಸುತ್ತಾರೆ. ಊಟ, ವಸತಿ, ಕಲಿಕೆ, ಯಾವುದಕ್ಕೂ ಶುಲ್ಕವಿಲ್ಲ. ಹಿಂದಿನವರು ಇಟ್ಟುಹೋದದ್ದನ್ನು ಉಂಡು ಮುಂದಿನವರಿಗೆ ಇಟ್ಟುಹೋಗುವ ಈ ಪದ್ಧತಿ ದಾಸೋಹದ ನಾಡಿನಲ್ಲಿ ಬೆಳೆದ ನಮಗೆ ಅಪರಿಚಿತವೇನೂ ಅಲ್ಲ.

ನಾನು ಆ ಜನವರಿಯಲ್ಲೇ ಕುಳಿತೆ. ನಸುಕಿನ ನಾಲ್ಕಕ್ಕೆ ಗಂಟೆ, ನಾಲ್ಕೂವರೆಯಿಂದ ಧ್ಯಾನ, ಹನ್ನೊಂದಕ್ಕೆ ಊಟ, ಸಂಜೆ ಐದಕ್ಕೆ ಚಹಾದೊಂದಿಗೆ ಒಂದು ಬಟ್ಟಲು ಚುರುಮುರಿ, ರಾತ್ರಿ ಒಂಬತ್ತೂವರೆಗೆ ದೀಪ ಆರಿಸುವುದು. ಫೋನು, ಪುಸ್ತಕ, ಲೇಖನಿ ಎಲ್ಲವನ್ನೂ ಒಪ್ಪಿಸಿ, ಮಾತು ಸನ್ನೆ ಎರಡನ್ನೂ ಬಿಡುವ ಆರ್ಯಮೌನ ಪಾಲಿಸಬೇಕು. ಮೊದಲ ಮೂರು ದಿನ ಉಸಿರಿನ ಮೇಲಷ್ಟೇ ಗಮನ. ನಾಲ್ಕನೆಯ ದಿನದಿಂದ ಮೈಯ ಸಂವೇದನೆಗಳನ್ನು ಸಮಚಿತ್ತದಿಂದ ನೋಡುವ ಅಭ್ಯಾಸ. ಬಳಿಕ ಒಂದು ತಾಸು ಕದಲದೆ ಕೂರುವ ಅಧಿಷ್ಠಾನ. ಐದನೆಯ ದಿನ ಬೆಳಗಿನ ಎಂಟರ ಸಾಮೂಹಿಕ ಧ್ಯಾನದಲ್ಲಿ ನನ್ನ ಮೊಣಕಾಲು ಸುಡುತ್ತಿದ್ದಾಗ ಹಿಂದಿನ ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳಿಬಂತು. ಬಡಿತ ನಿಲ್ಲುವುದು, ರೊಟ್ಟಿ ಹಂಚಿನ ಮೇಲೆ ಬೀಳುವುದು, ಮತ್ತೆ ಬಡಿತ. ಚಿಕ್ಕಂದಿನಲ್ಲಿ ಪ್ರತಿದಿನ ಕೇಳಿದ್ದರೂ ಆ ಸಪ್ಪಳವನ್ನು ನಾನು ಇಡಿಯಾಗಿ ಕೇಳಿಸಿಕೊಂಡದ್ದು ಅಂದೇ. ನೋವು ಹೋಗಲಿಲ್ಲ, ಆದರೆ ಅದರೊಡನೆ ಜಗಳವಾಡುವುದು ಸ್ವಲ್ಪ ಹೊತ್ತು ನಿಂತಿತು.

ಕೇಂದ್ರ ಬೆಳೆದ ಬಗೆಯನ್ನು ನಾನು ತಿಳಿದದ್ದು ಹತ್ತನೆಯ ದಿನ ಮೌನ ಮುಗಿದ ಮೇಲೆ. ಮೊದಲ ಶಿಬಿರಗಳು ನಡೆದದ್ದು ಬೇಸಿಗೆ ರಜೆಯಲ್ಲಿ ಖಾಲಿಯಿದ್ದ ಹಾಸ್ಟೆಲೊಂದರಲ್ಲಿ; ಆಮೇಲೆ ಅಲ್ಲಿ ಕುಳಿತೆದ್ದ ರೈತರೊಬ್ಬರು ಎರಡು ಎಕರೆ ಎರಿ ಹೊಲ, ಅಂದರೆ ಕಪ್ಪು ಮಣ್ಣಿನ ಹೊಲ, ಬಿಟ್ಟುಕೊಟ್ಟರು. ಎರಿ ಭೂಮಿಯಲ್ಲಿ ಮನೆ ಕಟ್ಟಿದವರಿಗೆ ಅದರ ಸ್ವಭಾವ ಗೊತ್ತು: ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಅಂಗೈ ಹೋಗುವಷ್ಟು ಬಿರುಕು ಬಿಡುತ್ತದೆ. ಮೊದಲು ಕಟ್ಟಿದ ಸ್ನಾನಗೃಹಗಳ ಗೋಡೆ ಎರಡನೆಯ ಬೇಸಿಗೆಗೇ ಸೀಳಿತು. ಧ್ಯಾನಮಂದಿರಕ್ಕೆ ಗಟ್ಟಿ ನೆಲ ಸಿಗುವವರೆಗೂ ಅಗೆದು, ಎರಿ ತೆಗೆದು, ಗರಸು ತುಂಬಿ ಬುನಾದಿ ಹಾಕಬೇಕಾಯಿತು. ಇದ್ದ ಹಣದಲ್ಲಿ ಬಹುಪಾಲು ಕಣ್ಣಿಗೆ ಕಾಣದ ನೆಲದೊಳಗೇ ಹೋಯಿತು. ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇರುವುದರಿಂದ ಕುಡಿಯಲು ಊರಿನ ಶುದ್ಧ ನೀರಿನ ಘಟಕದಿಂದ ಕ್ಯಾನು ತರುತ್ತಾರೆ. ಬೇವು, ಹೊಂಗೆ ಸಸಿಗಳು ಈಗ ಆಳೆತ್ತರ ಬಂದಿವೆ.

ಮತಾಂತರ ಮಾಡುತ್ತಾರೋ ಏನೋ ಎಂಬ ಅನುಮಾನ ಊರವರಿಗೆ ಮೊದಲು ಇತ್ತು. ರೊಟ್ಟಿ ಬಡಿಯುವ ಅವ್ವನೇ ಒಮ್ಮೆ ಕುಳಿತು, ಮನೆಯ ಪೂಜೆಯನ್ನು ಎಂದಿನಂತೆ ಮುಂದುವರಿಸಿದ್ದನ್ನು ನೋಡಿದ ಮೇಲೆ ಆ ಮಾತು ಅಡಗಿತು. ಬುದ್ಧ ಈ ಸೀಮೆಗೆ ಹೊಸಬನೂ ಅಲ್ಲ. ಗದಗಕ್ಕೆ ಸಮೀಪದ ಡಂಬಳದಲ್ಲಿ, ಅಂದಿನ ಧರ್ಮವೊಳಲಿನಲ್ಲಿ, ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದ 1095ರ ಶಾಸನವೊಂದು ಬೌದ್ಧರ ದೇವತೆ ತಾರಾದೇವಿಯನ್ನು ಸ್ತುತಿಸುತ್ತದೆ, ಹದಿನಾರು ಜನ ಸೆಟ್ಟಿಗಳು ಕಟ್ಟಿಸಿದ ಬೌದ್ಧ ವಿಹಾರಕ್ಕೆ ಬಿಟ್ಟ ದತ್ತಿಯನ್ನು ಹೇಳುತ್ತದೆ. ಹುಬ್ಬಳ್ಳಿಯಿಂದ ಒಂದು ತಾಸಿನ ಹಾದಿಯ ಮುಂಡಗೋಡದಲ್ಲಿ 1966ರಿಂದ ಟಿಬೆಟಿಯನ್ನರು ನೆಲೆಸಿದ್ದಾರೆ. ಚಳಿಗಾಲದಲ್ಲಿ ಅವರ ಬಳಿ ಸ್ವೆಟರ್ ಕೊಂಡವರು ನಮ್ಮಲ್ಲಿ ಎಷ್ಟೋ ಜನರಿದ್ದಾರೆ.

ಸೆಟ್ಟಿಗಳ ದಾನ ಕಲ್ಲಿನಲ್ಲಿ ಉಳಿಯಿತು, ಅದರಿಂದಲೇ ನಮಗೆ ಆ ವಿಹಾರದ ಸುದ್ದಿ ತಿಳಿಯಿತು. ಆದರೆ ಈ ಕೇಂದ್ರದಲ್ಲಿ ದಾನಿಗಳ ಹೆಸರಿನ ಫಲಕ ಹಾಕುವುದಿಲ್ಲ. ಹೊಲ ಕೊಟ್ಟ ರೈತರ ಹೆಸರೂ ಎಲ್ಲಿಯೂ ಇಲ್ಲ. ಅವರು ಶಿಬಿರದ ದಿನಗಳಲ್ಲಿ ಎಲ್ಲರೂ ಮಲಗಿದ ಮೇಲೆ ನೀರಿನ ಟ್ಯಾಂಕು ತುಂಬಿಸಿ ಹೋಗುತ್ತಾರೆ. ಹೆತ್ತವರ ಹೆಸರು ಊರಿನಲ್ಲಿ ಉಳಿಯಲಿ ಎಂಬ ನಮ್ಮವರ ಆಸೆ ತಪ್ಪೆಂದು ನಾನು ಹೇಳಲಾರೆ. ಆದರೂ ಈ ವಿಷಯದಲ್ಲಿ ಮಾಸ್ತರರ ಮಾತೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಕಳೆದ ವರ್ಷ ನಾನು ಸೇವೆಗೆಂದು ಹೋದಾಗ ಕೋಣೆಗಳಿಗೆ ಕೊರತೆಯಿರಲಿಲ್ಲ; ಅಡುಗೆಮನೆಯಲ್ಲಿ ಕೈಗಳ ಕೊರತೆಯಿತ್ತು. ಸುಗ್ಗಿಯ ಹೊತ್ತಿನಲ್ಲಿ ಊರಿನವರು ಹೊಲ ಬಿಟ್ಟು ಬರಲಾರರು. ಆರು ಜನ ಮಾಡಬೇಕಾದ ಕೆಲಸವನ್ನು ಮೂವರು ಮಾಡಿದೆವು, ಮತ್ತು ಜಾಗವಿದ್ದರೂ ಹಲವರ ಅರ್ಜಿಗಳನ್ನು ಮುಂದಿನ ಶಿಬಿರಕ್ಕೆ ದೂಡಬೇಕಾಯಿತು.

ಬರುವ ಜನವರಿಯ ಶಿಬಿರಕ್ಕೆ ಹೆಣ್ಣುಮಕ್ಕಳ ಕಡೆ ಇಬ್ಬರು, ಗಂಡಸರ ಕಡೆ ಒಬ್ಬರು ಸೇವಕರು ಬೇಕಾಗಿದ್ದಾರೆ. ಸೇವೆಗೆ ಹೋಗುವವರೂ ಮೊದಲು ಒಂದು ಶಿಬಿರ ಮುಗಿಸಿರಬೇಕು. ನಾವಿರುವ ದೇಶದಲ್ಲೂ ಇದೇ ಪರಂಪರೆಯ ಕೇಂದ್ರಗಳಿವೆ. ಈ ಬೇಸಿಗೆಯಲ್ಲಿ ಅಲ್ಲಿ ಕುಳಿತು ಬಂದವರು ನನಗೆ ತಿಳಿಸಿದರೆ ಮಾಸ್ತರರಿಗೆ ಫೋನು ಮಾಡುತ್ತೇನೆ. ಹುಬ್ಬಳ್ಳಿ ವಿಮಾನ ನಿಲ್ದಾಣದಿಂದ ಕರೆದೊಯ್ಯಲು ಅವರೇ ಬರುತ್ತಾರೆ.