ಮುಚ್ಚಿದ ಥಿಯೇಟರಿನ ಬಾಗಿಲು ತೆರೆಸಿದವರು

ನಮ್ಮ ಸುದ್ದಿಪತ್ರದ ಯುಗಾದಿ ಸಂಚಿಕೆ ನಾಳೆ ಬೆಳಿಗ್ಗೆ ನಿಮ್ಮೆಲ್ಲರ ಕೈ ಸೇರಬೇಕು. ಬೇವು-ಬೆಲ್ಲದ ಬಗ್ಗೆ ನಾಲ್ಕು ಸಾಲು ಬರೆದಿಟ್ಟಿದ್ದೆ, ತೆಗೆದುಹಾಕಿದೆ. ಅದಕ್ಕೆ ಕಾರಣ ನಮ್ಮ ಕನ್ನಡ ತರಗತಿಯ ಒಬ್ಬ ಪುಟ್ಟ ಹುಡುಗಿ. ಮಕ್ಕಳನ್ನು ಇಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಪೇಟೆಯ ಪ್ಲೇಹೌಸ್ ಸ್ಕ್ವೇರ್ ತೋರಿಸಲು ಕರೆದುಕೊಂಡು ಹೋಗಿದ್ದೆವು. ಯೂಕ್ಲಿಡ್ ಅವೆನ್ಯೂ ಮೇಲೆ ಬಯಲಿನಲ್ಲೇ ತೂಗುವ ಆ ದೊಡ್ಡ ದೀಪದ ಗೊಂಚಲನ್ನು ಕತ್ತೆತ್ತಿ ನೋಡುತ್ತ ಅವಳು ಕೇಳಿದಳು: “ಅಂಕಲ್, ಇಷ್ಟೊಂದು ಥಿಯೇಟರ್ ಒಂದೇ ಕಡೆ ಯಾಕಿವೆ? ನಿಮ್ಮ ಊರಿನಲ್ಲೂ ಹೀಗೆ ಇದ್ದವೇ?”

ಇದ್ದವು, ಮಗಳೇ. ವರ್ಷಕ್ಕೊಮ್ಮೆ.

ಬನದ ಹುಣ್ಣಿಮೆ ಬಂತೆಂದರೆ ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ನಾಟಕ ಕಂಪನಿಗಳು ಸಾಲಾಗಿ ಬೀಡುಬಿಡುತ್ತವೆ. ತಗಡಿನ ಗೋಡೆಯ ಥಿಯೇಟರುಗಳು, ಒಂದರ ಮಗ್ಗುಲಿಗೆ ಇನ್ನೊಂದು. ಒಂದು ಕಂಪನಿಯ ಮೈಕು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಪಕ್ಕದ್ದು ಶುರುವಾಗುತ್ತಿತ್ತು. ಕಾಕಾ ನಮ್ಮನ್ನೆಲ್ಲ ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಹೋಗುತ್ತಿದ್ದ. ಹೊಂಡದ ಕಟ್ಟೆಯ ಮೇಲೆ ಕುಳಿತು, ಬುಟ್ಟಿ ಹೊತ್ತು ಬರುವ ಅವ್ವಂದಿರಿಂದ ಸಜ್ಜೆ ರೊಟ್ಟಿ, ಪುಂಡಿ ಪಲ್ಯ, ಕೆನೆಮೊಸರು ಹಾಕಿಸಿಕೊಂಡು ಉಂಡರೆ ರಾತ್ರಿಯ ಆಟಕ್ಕೆ ಸಿದ್ಧ. ನಾನು ಮುಂದಿನ ನೆಲದ ಮೇಲೆ, ಕಾಲ್ಪೆಟ್ಟಿಗೆ (ಕಾಲಿನಿಂದ ಗಾಳಿ ಊದುವ ಹಾರ್ಮೋನಿಯಂ) ನುಡಿಸುವವರ ಬೆನ್ನಿಗೇ ಕೂರುತ್ತಿದ್ದೆ. ಗೌಡರ ವಾಡೆಯ ದೃಶ್ಯ ಮುಗಿದೊಡನೆ ಬೀದಿಯ ಪರದೆ ಸರ್ರನೆ ಇಳಿಯುತ್ತಿತ್ತು. ಅದರ ಮುಂದೆ ಹಾಸ್ಯದ ಜೋಡಿ, ಹಿಂದೆ ಸೆಟ್ ಬದಲಾಯಿಸುವ ಗಡಿಬಿಡಿ. ಸುತ್ತಿಗೆಯ ಸದ್ದು ಜೋರಾದಷ್ಟೂ ಹಾಸ್ಯನಟ ದನಿ ಏರಿಸುತ್ತಿದ್ದ. ಒಳಗಿನ ಕೆಲಸ ಮುಗಿಯದಿದ್ದರೆ ಇನ್ನೊಂದು ಹಾಡು ಎತ್ತಿಕೊಳ್ಳುತ್ತಿದ್ದ. ಪರದೆಯ ಕೆಳಗಿನ ಸಂದಿಯಲ್ಲಿ ಮಂಚ ಎಳೆಯುವ ಬರಿಗಾಲುಗಳು ಕಾಣುತ್ತಿದ್ದವು. ಒಮ್ಮೆ ಆ ಕಾಲುಗಳ ನಡುವೆ ಗೆಜ್ಜೆ ಕಟ್ಟಿದ ಕಾಲೂ ಕಂಡಿತು. ಮಂಚದ ಒಂದು ತುದಿ ಹಿಡಿದವಳು ನಾಯಕಿಯೇ. ಮುಂದಿನ ದೃಶ್ಯದಲ್ಲಿ ಅದೇ ಮಂಚದ ಮೇಲೆ ಕುಳಿತು ಅವಳು ಅತ್ತಾಗ ಇಡೀ ಥಿಯೇಟರ್ ಅತ್ತಿತು.

ಪ್ಲೇಹೌಸ್ ಸ್ಕ್ವೇರಿನ ಕಥೆಯಲ್ಲಿ ನನಗೆ ಆ ಮಂಚ ಎಳೆದವರೇ ಕಾಣುತ್ತಾರೆ. ಸ್ಟೇಟ್, ಒಹಾಯೊ, ಹ್ಯಾನಾ, ಅಲೆನ್, ಪ್ಯಾಲೇಸ್ ಐದೂ ತೆರೆದದ್ದು 1921 ಮತ್ತು 1922ರಲ್ಲಿ. ಜನ ಉಪನಗರಗಳಿಗೆ ಹೋದರು, ಮನೆಮನೆಗೆ ಟಿವಿ ಬಂತು; 1969ರ ಹೊತ್ತಿಗೆ ಹ್ಯಾನಾ ಒಂದನ್ನು ಬಿಟ್ಟು ಉಳಿದವೆಲ್ಲ ಬಾಗಿಲು ಹಾಕಿದ್ದವು. 1970ರಲ್ಲಿ ಶಾಲಾ ಮಂಡಳಿಯ ನೌಕರ ರೇ ಶೆಪರ್ಡ್‌ಸನ್ ಶಿಕ್ಷಕರ ಸಭೆಗೆ ಜಾಗ ಹುಡುಕುತ್ತ ಸ್ಟೇಟ್ ಥಿಯೇಟರಿನೊಳಗೆ ಬಂದ. ಅಲ್ಲಿಗೆ ಅವನ ಬದುಕಿನ ದಾರಿಯೇ ಬದಲಾಯಿತು. 1972ರಲ್ಲಿ ಒಹಾಯೊ, ಸ್ಟೇಟ್ ಎರಡನ್ನೂ ಕೆಡವುವ ಮಾತು ಬಂದಾಗ ಅವನೂ ಊರಿನ ಮಹಿಳೆಯರೂ ಸ್ವಯಂಸೇವಕರೂ ಅಡ್ಡ ನಿಂತರು. ಸ್ಟೇಟ್‌ನ ಸಭಾಂಗಣ ಹಾಳುಬಿದ್ದಿದ್ದರೇನಂತೆ, 320 ಅಡಿ ಉದ್ದದ ಪ್ರವೇಶಾಂಗಣವಿತ್ತಲ್ಲ! 1973ರಲ್ಲಿ ಅಲ್ಲಿಯೇ ಬೆಲ್ಜಿಯಂನ ಗಾಯಕ ಜಾಕ್ ಬ್ರೆಲ್‌ನ ಹಾಡುಗಳ ಸಣ್ಣದೊಂದು ಸಂಗೀತ ಪ್ರದರ್ಶನ ಇಟ್ಟರು. ಕೆಲವೇ ವಾರ ನಡೆದೀತು ಎಂದುಕೊಂಡಿದ್ದು ಎರಡು ವರ್ಷ ದಾಟಿ 522 ಪ್ರದರ್ಶನ ಕಂಡಿತು. ಜನ ಬರುತ್ತಾರೆ ಎಂದು ತೋರಿಸಿದ ಮೇಲೆ ದುಡ್ಡೂ ಬಂತು. 1982ರಲ್ಲಿ ಒಹಾಯೊ, 1984ರಲ್ಲಿ ಸ್ಟೇಟ್, 1988ರಲ್ಲಿ ಪ್ಯಾಲೇಸ್, 1998ರಲ್ಲಿ ಅಲೆನ್ ಮತ್ತೆ ತೆರೆದವು. ನಡುವೆ ತಾನೂ ಮುಚ್ಚಿದ್ದ ಹ್ಯಾನಾ 2008ರಲ್ಲಿ ಹೊಸದಾಯಿತು. ಸ್ಟೇಟ್‌ಗೆ ಹೋದಾಗ ಪ್ರವೇಶಾಂಗಣದ ಗೋಡೆಯ ಮೇಲಿನ ಜೇಮ್ಸ್ ಡಾಹರ್ಟಿಯ ನಾಲ್ಕು ಚಿತ್ರಗಳನ್ನು ನಿಂತು ನೋಡಿ. ಮಧ್ಯಂತರದ ಕಾಫಿ ಸಾಲು ಕಾಯಲಿ.

ಅಲ್ಲಿಂದ ನಡೆದು ಹೋಗುವಷ್ಟು ದೂರದ ವಿಶ್ವವಿದ್ಯಾಲಯದಲ್ಲಿ ತ್ಯಾಗರಾಜ ಆರಾಧನೆ ನಡೆಯುತ್ತದೆ. 1978ರಲ್ಲಿ ಶುರುವಾದ ಈ ಉತ್ಸವ ಇವತ್ತಿಗೂ ನಡೆದುಬಂದಿರುವುದು ಅಡುಗೆಗೆ, ಅತಿಥಿಗಳನ್ನು ಕರೆತರಲು, ಕುರ್ಚಿ ಹಾಕಲು ರಜೆ ಹಾಕಿ ಬರುವವರಿಂದ. ನಮ್ಮವರೂ ಅವರಲ್ಲಿದ್ದಾರೆ.

ಜಾಗ ಮುಗಿಯುತ್ತಿದೆ, ಸೂಚನೆಗಳು ಬೇಗ ಬೇಗ: ಯುಗಾದಿ ಕಾರ್ಯಕ್ರಮದ ದಿನಾಂಕ, ಸ್ಥಳ ಕೊನೆಯ ಪುಟದಲ್ಲಿವೆ. ಊಟಕ್ಕೆ ಹೆಸರು ಮೊದಲೇ ಕೊಡಿ, ಹೋಳಿಗೆ ಎಣಿಸಿ ಮಾಡಿಸುತ್ತಿದ್ದೇವೆ. ಮಕ್ಕಳ ನಾಟಕದ ತಾಲೀಮು ಪ್ರತಿ ಭಾನುವಾರ, ತರಗತಿ ಮುಗಿದ ಮೇಲೆ. ಹಳೆಯ ಪಂಚೆ, ರೇಷ್ಮೆ ಸೀರೆ, ಪೇಟ ಇದ್ದವರು ವೇಷಭೂಷಣಕ್ಕೆ ಎರವಲು ಕೊಡಿ.

ಇನ್ನೊಂದು ಮಾತು. ಇಷ್ಟು ವರ್ಷ ನಮ್ಮ ನಾಟಕಗಳಿಗೆ ಬೆಳಕು, ಧ್ವನಿ ನೋಡಿಕೊಂಡ ದಂಪತಿ ಮುಂದಿನ ತಿಂಗಳು ಟೆಕ್ಸಾಸಿಗೆ ಹೊರಟಿದ್ದಾರೆ. ಅವರ ಜಾಗಕ್ಕೆ ಇನ್ನೂ ಯಾರೂ ಸಿಕ್ಕಿಲ್ಲ. ಪರದೆ ಎಳೆಯಲು ಇಬ್ಬರು, ಸೆಟ್ ಹೊರಲು ನಾಲ್ವರು ಬೇಕು. ಅನುಭವ ಬೇಡ, ಹೇಳಿಕೊಡುತ್ತೇವೆ. ಈ ಸುದ್ದಿಪತ್ರಕ್ಕೂ ಒಂದು ಜೊತೆ ಕೈ ಬೇಕಾಗಿದೆ. ಒಬ್ಬನೇ ಮಾಡಿ ಸಾಕಾಗಿದೆ. ದಯವಿಟ್ಟು ಈ ವಾರವೇ ಸಮಿತಿಯ ಯಾರಿಗಾದರೂ ಫೋನ್ ಮಾಡಿ. ರಾತ್ರಿ ಹತ್ತರ ನಂತರವಾದರೂ ಪರವಾಗಿಲ್ಲ.

— ಸಂಪಾದಕ