ಇನ್ನು ಮುಂದೆ ಎರಡೂ ಕಡೆಗೆ ಒಬ್ಬರೇ ಲಾಯರ್ ಇಲ್ಲ

ಮಾನ್ಯ ಗ್ರಾಹಕರೇ,

ಮೈಸೂರಿನಲ್ಲಿ ಮನೆ, ಸೈಟು ಕೊಡಿಸುವ, ಮಾರಿಸುವ ಕೆಲಸಕ್ಕೆ ನಮ್ಮ ಕಚೇರಿ ಹತ್ತಿದವರಿಗೆಲ್ಲ ನಾವು ಇದುವರೆಗೆ ಒಂದು ಮಾತು ಹೇಳುತ್ತಿದ್ದೆವು: "ಲಾಯರ್ ವಿಷಯಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ನಮ್ಮವರೇ ಇದ್ದಾರೆ." ಏಪ್ರಿಲ್ 1ರಿಂದ ಆ ಮಾತು ಹೇಳುವುದಿಲ್ಲ. ಕೊಳ್ಳುವವರು ತಮ್ಮ ವಕೀಲರನ್ನು ತಾವೇ ಗೊತ್ತುಮಾಡಿಕೊಳ್ಳಬೇಕು, ಮಾರುವವರೂ ಅಷ್ಟೇ. ಲೀಗಲ್ ಒಪಿನಿಯನ್, ಅಂದರೆ ಆಸ್ತಿಯ ಹಕ್ಕು ಸರಿಯಿದೆಯೇ ಎಂದು ವಕೀಲರು ಕೊಡುವ ಅಭಿಪ್ರಾಯದ ಖರ್ಚು ಇಷ್ಟು ದಿನ ನಮ್ಮ ಕಮಿಷನ್ನಿನ ಒಳಗೇ ಇತ್ತು. ಅದನ್ನು ತೆಗೆದು, ಎರಡು ಪರ್ಸೆಂಟ್ ಇದ್ದ ಕಮಿಷನ್ನನ್ನು ಒಂದೂಮುಕ್ಕಾಲಿಗೆ ಇಳಿಸಿದ್ದೇವೆ. 60 ಲಕ್ಷದ ಮನೆಗೆ 15,000 ರೂಪಾಯಿ ಉಳಿಯುತ್ತದೆ. ದಯವಿಟ್ಟು ಅದನ್ನು ವಕೀಲರ ಫೀಸಿಗೇ ಎತ್ತಿಡಿ, ಪರದೆ ಹೊಲಿಸುವುದಕ್ಕಲ್ಲ.

ಯಾಕೆ ಈ ಬದಲಾವಣೆ ಎಂದರೆ, ತಪ್ಪು ನಮ್ಮದೇ. ಕಳೆದ ವರ್ಷ ಹಳೇ ಬಡಾವಣೆಯ ಒಂದು ಮನೆ ಮಾರಿಸಿದೆವು. ತಂದೆ ಸ್ವಂತ ದುಡಿಮೆಯಲ್ಲಿ ಕಟ್ಟಿಸಿದ್ದು. ಹೆಂಡತಿ ಮೊದಲೇ ಹೋಗಿದ್ದರು, ಇವರೂ ವಿಲ್ ಬರೆಯದೆ ತೀರಿಕೊಂಡರು. ಖಾತೆ ಇಬ್ಬರು ಗಂಡುಮಕ್ಕಳ ಹೆಸರಿಗೆ ಬಂದಿತ್ತು, ಕಂದಾಯ ಚುಕ್ತಾ, ಇಸಿಯಲ್ಲಿ (ಆಸ್ತಿಯ ಮೇಲಿನ ಸಾಲ, ಮಾರಾಟಗಳ ನೋಂದಣಿ ವಿವರ ತೋರಿಸುವ ಋಣಭಾರ ಪತ್ರ) ಒಂದು ಸಾಲದ ಗುರುತೂ ಇಲ್ಲ. ಎರಡೂ ಕಡೆಗೆ ನಮ್ಮ ವಕೀಲರೇ. ರಿಜಿಸ್ಟ್ರೇಷನ್ ಆಗಿ ನಾಲ್ಕು ತಿಂಗಳಿಗೆ ಕೊಂಡವರ ಬಾಗಿಲಿಗೆ ನೋಟಿಸು ಬಂತು. ಮದುವೆಯಾಗಿ ಹಾಸನದ ಕಡೆ ಹೋಗಿದ್ದ ಮಗಳದು. ಖಾತೆ ಮಾಡಿಸುವಾಗ ಕೊಟ್ಟಿದ್ದ ವಂಶವೃಕ್ಷದಲ್ಲಿ ಆಕೆಯ ಹೆಸರನ್ನೇ ಬಿಟ್ಟಿದ್ದರು.

ಹೆಣ್ಣುಮಕ್ಕಳಿಗೆ ಪಾಲು ಬಂದದ್ದು 2005ರಲ್ಲಿ ಎಂದು ಬಹಳ ಜನ ತಿಳಿದಿದ್ದಾರೆ. ಅದು ಪಿತ್ರಾರ್ಜಿತ ಆಸ್ತಿಯ ಮಾತು. ತಂದೆಯ ಸ್ವಯಾರ್ಜಿತ ಮನೆ ವಿಲ್ ಇಲ್ಲದೆ ಉಳಿದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರವೇ ಮಗಳಿಗೂ ಮಗನಷ್ಟೇ ಪಾಲು. ನಮ್ಮ ವಕೀಲರಿಗೆ ಇದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. "ಅಕ್ಕತಂಗಿಯರು ಯಾರಾದರೂ ಇದ್ದಾರಾ?" ಎಂದು ಒಂದು ಸಲ ಕೇಳಿಯೂ ಇದ್ದರು. "ಅದೆಲ್ಲ ಸೆಟ್ಲ್ ಆಗಿದೆ ಸಾರ್" ಎಂದರು ಮಾರುವವರು. ಹಾಗಾದರೆ ಹಕ್ಕು ಬಿಡುಗಡೆ ಪತ್ರ ತೋರಿಸಿ ಎಂದು ಎರಡನೇ ಸಲ ಕೇಳಲಿಲ್ಲ. ಫೀಸು ಕೊಡುವವರು ನಾವು, ವ್ಯವಹಾರ ಮುಗಿದರೆ ಕಮಿಷನ್ ನಮಗೆ, ಎದುರಿಗೆ ಕೂತ ಮಾರಾಟಗಾರರೂ ಅವರ ಕಕ್ಷಿದಾರರೇ. ಕೊಂಡವರಿಗಾಗಿ ಸ್ವಲ್ಪ ಜಗಳ ತೆಗೆಯುವಂಥ ಒಬ್ಬರೂ ಆ ದಿನ ನಮ್ಮ ಕಚೇರಿಯಲ್ಲಿ ಇರಲಿಲ್ಲ. ಕಮಿಷನ್ ಪೂರ್ತಿ ವಾಪಸು ಕೊಟ್ಟಿದ್ದೇವೆ. ಕೇಸು ನಡೆಯುತ್ತಿದೆ.

ಇನ್ನು ನಿಮ್ಮ ವಕೀಲರನ್ನು ಹುಡುಕುವ ವಿಷಯ. "ಹೋಗಲಿ, ಯಾರಾದರೂ ಒಬ್ಬರ ಹೆಸರು ಹೇಳಿ" ಎಂದು ಫೋನಿನಲ್ಲಿ ಒತ್ತಾಯಿಸಬೇಡಿ. ಹೇಳಿದರೆ ಹಳೇ ಕಥೆಯೇ ಮತ್ತೆ ಶುರುವಾಗುತ್ತದೆ. ಆದರೆ ಏನು ಕೇಳಬೇಕೆಂದು ಹೇಳಬಲ್ಲೆವು.

ಕ್ರಿಮಿನಲ್ ಕೇಸಿನಲ್ಲಿ ಹೆಸರು ಮಾಡಿದವರು ಮನೆ ಪತ್ರ ಓದುವುದರಲ್ಲೂ ಗಟ್ಟಿಗರು ಎಂದುಕೊಳ್ಳಬೇಡಿ. ಸಿವಿಲ್ ಕೆಲಸ ಮಾಡುವವರು, ಅದರಲ್ಲೂ ಇದೇ ಊರಿನ ಸಬ್ ರಿಜಿಸ್ಟ್ರಾರ್ ಕಚೇರಿಯ ದಾಖಲೆ ನೋಡಿ ಪಳಗಿದವರು ಬೇಕು. ಇಸಿ ನೀವೇ ತೆಗೆಸುತ್ತೀರೋ, ಮಾರುವವರು ಕೊಟ್ಟ ಜೆರಾಕ್ಸ್ ನೋಡಿಯೇ ಬರೆಯುತ್ತೀರೋ ಎಂದು ಮೊದಲ ದಿನವೇ ಕೇಳಿ. ಆನ್‌ಲೈನಿನಲ್ಲಿ ಸಾಮಾನ್ಯವಾಗಿ 2004ರಿಂದ ಈಚಿನ ಇಸಿ ಸಿಗುತ್ತದೆ. ಅದಕ್ಕೂ ಹಿಂದಿನದಕ್ಕೆ ಕಚೇರಿಯ ಕೈಬರಹದ ಪುಸ್ತಕಗಳನ್ನೇ ತಡಕಾಡಬೇಕು. ಆ ಧೂಳು ಕುಡಿಯಲು ಒಪ್ಪದವರು ಮೂವತ್ತು ವರ್ಷದ ದಾಖಲೆಯ ಮೇಲೆ ಒಪಿನಿಯನ್ ಹೇಗೆ ಬರೆಯುತ್ತಾರೋ ನಮಗೆ ತಿಳಿಯದು. ಒಪಿನಿಯನ್ ಬಾಯಿಮಾತಿನಲ್ಲಿ ಬೇಡ. ಯಾವ ಯಾವ ಪತ್ರ ನೋಡಿದೆ, ಯಾವುದು ಸಿಗಲಿಲ್ಲ, ಯಾವುದರ ಅಸಲು ಕಣ್ಣಿಗೆ ಬಿದ್ದಿದೆ ಎಂಬುದೆಲ್ಲ ಬರವಣಿಗೆಯಲ್ಲಿ ಇರಲಿ. ಫೀಸು ಒಂದೇ ಮೊತ್ತ, ವ್ಯವಹಾರ ಮುರಿದುಬಿದ್ದರೂ ಅಷ್ಟೇ ಎಂದು ಮೊದಲೇ ಗಟ್ಟಿಮಾಡಿಕೊಳ್ಳಿ. "ಕೊಳ್ಳಬೇಡಿ" ಎಂದರೂ ಅವರಿಗೆ ನಷ್ಟವಾಗಬಾರದು. ಬ್ರೋಕರ್ ಯಾರಾದರೂ ನಿಮ್ಮ ವಕೀಲರ ಫೀಸಿನಲ್ಲಿ ಪಾಲು ಕೇಳುತ್ತಿದ್ದಾರೆ ಎಂದು ಗೊತ್ತಾದರೆ ಅಲ್ಲಿಂದ ಎದ್ದುಬನ್ನಿ. ವಕೀಲರಲ್ಲದವರ ಜೊತೆ ಫೀಸು ಹಂಚಿಕೊಳ್ಳಲು ಬಾರ್ ಕೌನ್ಸಿಲ್ ಆಫ್ ಇಂಡಿಯಾದ ನಿಯಮಗಳಲ್ಲಿ ಅವಕಾಶವಿಲ್ಲ.

ಊರಂಚಿನ ಬಡಾವಣೆಯಲ್ಲಿ ಕೊಳ್ಳುವವರು ಇನ್ನೂ ಒಂದು ಪ್ರಶ್ನೆ ಸೇರಿಸಿಕೊಳ್ಳಿ: "ಈ ಜಮೀನು ಮೂಲದಲ್ಲಿ ಯಾರದು?" ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ್ದಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆ (ಇಂಥ ಜಮೀನಿನ ಪರಭಾರೆ ತಡೆಯುವ ಕಾನೂನು) ಅಡ್ಡ ಬರುತ್ತದೆ. ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರಿದ್ದರೆ ಆ ಮಾರಾಟ ನಿಲ್ಲುವುದಿಲ್ಲ. 2023ರ ತಿದ್ದುಪಡಿ ಬಂದ ಮೇಲೆ "ಎಷ್ಟೋ ವರ್ಷದ ಹಿಂದಿನ ಮಾತು" ಎಂಬ ಸಮಾಧಾನವನ್ನೂ ನೆಚ್ಚುವಂತಿಲ್ಲ. ಈ ಪ್ರಶ್ನೆಗೆ ನಿಮ್ಮ ವಕೀಲರು ಮಂಜೂರಾತಿ ದಾಖಲೆ ತರಿಸಿ ಎಂದರೆ ಸರಿಯಾದವರನ್ನೇ ಹಿಡಿದಿದ್ದೀರಿ.

"ಬ್ಯಾಂಕಿನ ಲಾಯರ್ ನೋಡಿ ಲೋನ್ ಕೊಟ್ಟಿದ್ದಾರಲ್ಲ, ಇನ್ನೊಬ್ಬರು ಯಾಕೆ?" ಇದು ನಮಗೆ ಅತಿ ಹೆಚ್ಚು ಬರುವ ಪ್ರಶ್ನೆ. ಪ್ಯಾನಲ್ ವಕೀಲರು ನೋಡುವುದು ಬ್ಯಾಂಕಿನ ಸಾಲ ವಸೂಲಾಗುತ್ತದೆಯೇ ಎಂದು. ಅವರ ಕಕ್ಷಿದಾರ ಬ್ಯಾಂಕು, ನೀವಲ್ಲ. ಪತ್ರ ಬರಹಗಾರರು ಕ್ರಯಪತ್ರವನ್ನು ಚೊಕ್ಕವಾಗಿ ಬರೆದುಕೊಡುತ್ತಾರೆ, ಹಕ್ಕು ಶೋಧಿಸುವುದು ಅವರ ಕೆಲಸವಲ್ಲ. ಸಬ್ ರಿಜಿಸ್ಟ್ರಾರ್ ಕೂಡ ಮಾರುವವರ ಹಕ್ಕು ಪರೀಕ್ಷಿಸಲು ಕೂತವರಲ್ಲ. 2025ರ ಏಪ್ರಿಲ್‌ನಲ್ಲಿ ತಮಿಳುನಾಡಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ. ಇನ್ನು 2024ರಿಂದ ನೋಂದಣಿಗೆ ಇ-ಖಾತೆ ಬೇಕೇ ಬೇಕು ಎಂದಾದ ಮೇಲೆ ಇ-ಖಾತೆ ಇದ್ದರೆ ಎಲ್ಲ ಸರಿ ಎಂಬ ಭಾವನೆ ಬೆಳೆದಿದೆ. ಖಾತೆ ಎಂದರೆ ಕಂದಾಯ ಯಾರ ಹೆಸರಿನಲ್ಲಿ ಕಟ್ಟಬೇಕು ಎಂಬ ಲೆಕ್ಕ. ಮೇಲಿನ ಕಥೆಯ ಮನೆಗೂ ಖಾತೆ ಇತ್ತು.

ಮಾರುವವರು ತಮಗೇಕೆ ವಕೀಲರು ಎನ್ನುತ್ತಾರೆ. ದುಡ್ಡು ಎಣಿಸಿಕೊಂಡರೆ ಮುಗಿಯಿತಲ್ಲ! ಮುಗಿಯುವುದಿಲ್ಲ. ಹಕ್ಕಿನಲ್ಲಿ ನಿಮಗೆ ಗೊತ್ತಿರುವ ದೋಷವಿದ್ದರೆ, ಅದು ಕೊಳ್ಳುವವರ ಕಣ್ಣಿಗೆ ಸುಲಭವಾಗಿ ಬೀಳುವಂಥದ್ದಲ್ಲವಾದರೆ, ನೀವೇ ಹೇಳಬೇಕೆಂದು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಮು ಹೇಳುತ್ತದೆ. ಕ್ರಯಪತ್ರದ ಕೊನೆಗೆ "ಮುಂದೆ ಏನೇ ತಕರಾರು ಬಂದರೂ ನಷ್ಟ ತುಂಬಿಕೊಡುತ್ತೇವೆ" ಎಂಬ ಸಾಲಿಗೆ ಸಹಿ ಹಾಕುವವರೂ ನೀವೇ.

ನಮ್ಮ ಗ್ರಾಹಕರಲ್ಲಿ ಮಕ್ಕಳು ಅಮೆರಿಕ, ಇಂಗ್ಲೆಂಡಿನಲ್ಲಿರುವವರು ಬಹಳ. ಮಕ್ಕಳ ಹೆಸರಿನ ಮನೆಯನ್ನು ಅಪ್ಪ ಅಧಿಕಾರಪತ್ರದ (ಪವರ್ ಆಫ್ ಅಟಾರ್ನಿ) ಮೇಲೆ ಮಾರುವುದು ಇಲ್ಲಿ ದಿನನಿತ್ಯದ ಸಂಗತಿ. ಹೊರದೇಶದಲ್ಲಿ ಸಹಿಯಾದ ಪವರ್ ಆಫ್ ಅಟಾರ್ನಿಗೆ ಅದು ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಸ್ಟ್ಯಾಂಪ್ ಶುಲ್ಕ ಕಟ್ಟಿಸಬೇಕು. ಬೀರುವಿನಲ್ಲಿಟ್ಟು ಮರೆತವರನ್ನು ನೋಡಿದ್ದೇವೆ. ಅನಿವಾಸಿಗಳು ಮಾರಿದರೆ ತೆರಿಗೆ ಹಿಡಿಯುವ ಲೆಕ್ಕವೂ ಬೇರೆ. 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಾದರೆ ಒಂದು ಪರ್ಸೆಂಟ್ ಎಂದು ಎಲ್ಲರೂ ಬಾಯಿಪಾಠ ಮಾಡಿಕೊಂಡಿರುವ ನಿಯಮ ಅವರಿಗೆ ಅನ್ವಯಿಸುವುದಿಲ್ಲ. ಈ ಎರಡಕ್ಕಾಗಿಯಾದರೂ ಅವರ ಕಡೆಗೊಬ್ಬ ವಕೀಲರಿರಲಿ.

ನಮ್ಮ ಕಡೆಯಿಂದ ಇನ್ನೊಂದು ಬದಲಾವಣೆ. ಟೋಕನ್ 25,000 ರೂಪಾಯಿಗಿಂತ ಹೆಚ್ಚು ಕೊಡಿಸುವುದಿಲ್ಲ. ಕೊಳ್ಳುವವರ ವಕೀಲರ ಒಪಿನಿಯನ್ ಕೈಗೆ ಬರುವವರೆಗೆ ಕ್ರಯದ ಕರಾರಿಗೆ ಕೂರಿಸುವುದೂ ಇಲ್ಲ. ಹಕ್ಕಿನಲ್ಲಿ ದೋಷ ಕಂಡರೆ ಟೋಕನ್ ಪೂರ್ತಿ ವಾಪಸು; ರಸೀದಿಯಲ್ಲೇ ಹಾಗೆಂದು ಅಚ್ಚು ಹಾಕಿಸಿದ್ದೇವೆ. ಇದರಿಂದ ವ್ಯವಹಾರ ಎರಡು ಮೂರು ವಾರ ನಿಧಾನವಾಗುತ್ತದೆ. "ಬೇರೆ ಪಾರ್ಟಿ ಕಾಯುತ್ತಿದೆ" ಎಂದು ನಾವೇ ನಿಮ್ಮನ್ನು ಅವಸರಪಡಿಸುತ್ತಿದ್ದ ಕಾಲವೂ ಇತ್ತು, ಅದನ್ನೂ ಬಿಟ್ಟಿದ್ದೇವೆ. ನೋಂದಣಿ ಇಲಾಖೆಯ ಕಾವೇರಿ 2.0 ತಾಣದಲ್ಲಿ ಕ್ರಯಪತ್ರದ ಕರಡು ಆನ್‌ಲೈನಿನಲ್ಲಿ ಸಲ್ಲಿಸುವ ಮುಂಚೆ ಎರಡೂ ಕಡೆಯ ವಕೀಲರಿಗೆ ಕಳಿಸುತ್ತೇವೆ. ಅವರು ಒಪ್ಪಿದ ಮೇಲೆ ಮುಂದಿನ ಹೆಜ್ಜೆ.

ಈಗಾಗಲೇ ಟೋಕನ್ ಕೊಟ್ಟು ಕರಾರು ಆಗದವರು ಹೊಸ ಕ್ರಮಕ್ಕೆ ಬರಬಹುದು, ಕಮಿಷನ್ನೂ ಒಂದೂಮುಕ್ಕಾಲೇ ಆಗುತ್ತದೆ. ಕರಾರು ಆಗಿ ನೋಂದಣಿ ಬಾಕಿ ಇರುವವರು ಕಚೇರಿಗೆ ಬಂದು ನಿಮ್ಮ ಫೈಲಿನ ಪ್ರತಿ ಒಯ್ಯಿರಿ. ಅದನ್ನು ನಿಮ್ಮ ವಕೀಲರೊಬ್ಬರಿಗೆ ತೋರಿಸಿದರೆ ಅವರ ಫೀಸಿನಲ್ಲಿ ಅರ್ಧ ನಾವು ಭರಿಸುತ್ತೇವೆ. ಭಾನುವಾರ ಬಿಟ್ಟು ಬೆಳಿಗ್ಗೆ ಹತ್ತರಿಂದ ಇರುತ್ತೇವೆ.

ಇಂತಿ ನಿಮ್ಮ ವಿಶ್ವಾಸಿಗಳು,
ಕಚೇರಿಯ ಇಬ್ಬರು ಪಾಲುದಾರರು